ತಗಡಿನ ಕಣ್ಣು

ಪ್ಯೂಬ್ಲಾದ ಬಸ್ಸಿಳಿದ ಜನ ಹರಕೆ ತೀರಿಸಲು ಕನ್ಯಾ ಮಾತೆಯ ಇಗರ್ಜಿಯ ಮುಂದೆ ಸಾಲುಗಟ್ಟಿದ್ದರು. ಬಾಗಿಲ ಪಕ್ಕ, ವಾಸಿಯಾದ ಅಂಗದ ಹರಕೆಗೆಂದು ತಗಡಿನ ಕೈಕಾಲು, ಹೃದಯ, ಕಣ್ಣು ಮಾರುವ ತೊಮಾಸಾಳ ಬಳಿ ಒಫೆಲಿಯಾ ಆಗಷ್ಟೇ ಒಂದು ಕಣ್ಣು ಕೊಂಡಿದ್ದಳು. ಕಪ್ಪು ಕನ್ನಡಕದ ಅಕ್ಕ ಹಸಿಂತಾ ಅವಳ ತೋಳು ಹಿಡಿದು ನಿಂತಿದ್ದಳು. ಬೇಡವೆಂದರೂ ಅವರ ಮಾತು ತೊಮಾಸಾಳ ಕಿವಿಗೆ ಬೀಳುತ್ತಿತ್ತು.

“ಆಪರೇಷನ್ ಮಾಡಿದ್ದು ಡಾಕ್ಟರು, ಹರಕೆ ಮಾತ್ರ ಮಾತೆಗೆ! ಅವರಿಗೊಂದು ಕೋಳಿನಾದ್ರೂ ಕೊಟ್ಯೇನೇ?”

“ಕೊಟ್ಟೆ ಅಕ್ಕಾ. ಆದ್ರೆ ಅವರ ಕೈ ನಡುಗದ ಹಾಗೆ ನೋಡ್ಕೊಂಡಿದ್ದು ತಾಯಿ.”

“ಅದೇ ಡಾಕ್ಟರು, ಅದೇ ದಿನ ನನಗೂ ಮಾಡಿದ್ರಲ್ಲ! ಆಗ ನಿನ್ನ ತಾಯಿ ಎಲ್ಲಿಗೆ ಹೋಗಿದ್ಲು?”

“ನೀನು ಹರಕೆನೇ ಹೊತ್ಕೊಳ್ಳಲಿಲ್ಲ. ಪವಾಡ ಎಲ್ಲ ಬೊಗಳೆ ಅಂದೆ.”

“ಈಗ್ಲೂ ಅಂತೀನಿ. ನಿನಗಿದ್ದದ್ದು ಬರೀ ಪೊರೆ. ನನಗೆ ನರವೇ ಒಣಗಿತ್ತು. ಅಷ್ಟೇ.”

“ಮತ್ತೆ ತಾಯಿ ಮೇಲೆ ಯಾಕೆ ಸಿಟ್ಟು?”

ಹಸಿಂತಾ ಕನ್ನಡಕ ಮೇಲೆ ಸರಿಸಿಕೊಂಡಳು.

“ನಮ್ಮಮ್ಮನೂ ಹೀಗೇ ಮಾಡ್ತಿದ್ಲು. ದೊಡ್ಡ ತಮಾಲೆ ಕಡುಬು ಯಾವಾಗ್ಲೂ ನಿನ್ನ ತಟ್ಟೆಗೇ.”

ಸಾಲು ಸರಿಯಿತು. ಒಫೆಲಿಯಾ ಹೆಜ್ಜೆ ಹಾಕಿದಳು. ಹಸಿಂತಾ ಅವಳ ತೋಳು ಬಿಟ್ಟು, ತಡವುತ್ತ ತೊಮಾಸಾಳತ್ತ ಬಾಗಿದಳು.

“ನನಗೂ ಒಂದು ಕಣ್ಣು ಕೊಡವ್ವ,” ಎಂದು ಪಿಸುಗುಟ್ಟಿದಳು. “ಅವಳದ್ದಕ್ಕಿಂತ ದೊಡ್ಡದು.”

ತೊಮಾಸಾ ಕೊಟ್ಟದ್ದನ್ನು ಹಸಿಂತಾ ಹೆಬ್ಬೆರಳಿಂದ ಸವರಿ ಅಳೆದು, ಮುಷ್ಟಿಯಲ್ಲಿ ಮುಚ್ಚಿಕೊಂಡು, ಬಾಗಿಲ ಕಡೆ ಕೂಗಿದಳು:

“ಏಯ್, ನಿಲ್ಲೇ! ನನಗಿಂತ ಮೊದ್ಲು ನೀನು ಒಳಗೆ ಹೋಗ್ಬೇಡ!”