ಮಾಮೆಗೆ ಸುತ್ತಿದ ಕಿತ್ತಳೆ ಕೋಟು

ಪಶುವೈದ್ಯರ ಕೋಣೆಯ ಹೊರಗೆ ಬೆಕ್ಕಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ತೊಮಿಕೊ, ಒಳಬಂದ ಮುದುಕನನ್ನು ಕಂಡು ತಲೆ ತಗ್ಗಿಸಿದಳು. ಹಂದಿ ಬೇಟೆಯಲ್ಲಿ ಗೆಳೆಯನನ್ನೇ ಹಂದಿಯೆಂದು ಗುಂಡಿಟ್ಟು ಕೊಂದುಬಿಟ್ಟ ಈ ಗೆಂಜಿರೊನನ್ನು ಆ ಬೆಟ್ಟದೂರಿನಲ್ಲಿ ಅರಿಯದವರಿರಲಿಲ್ಲ. ಎದುರು ಬೆಂಚಿನಲ್ಲಿ ಸತ್ತವನ ಹೆಂಡತಿ ಹತ್ಸುಎ, ಗೆಂಜಿರೊನ ನಾಯಿ ಮಾಮೆಯ ಹಗ್ಗ ಹಿಡಿದು ಕೂತಿದ್ದಳು.

“ಹೇಳಿ ಕಳಿಸಿದ್ದಕ್ಕೆ ಬಂದ್ರಲ್ಲ ಅಣ್ಣ. ಮಾಮೆಯ ಹೊಲಿಗೆ ಬಿಚ್ಚಿದ್ರು. ಕರ್ಕೊಂಡು ಹೋಗಿ.”

“ಬೇಡಮ್ಮ. ಬಂದೂಕು ಪೊಲೀಸರಿಗೆ ಒಪ್ಪಿಸ್ಬಿಟ್ಟೆ. ಬೇಟೆನಾಯಿ ಇಟ್ಕೊಂಡು ಏನ್ ಮಾಡ್ಲಿ?”

“ತಪ್ಪು ನಿಮ್ಮೊಬ್ರದ್ದೇನಾ? ವೈರ್‌ಲೆಸ್ಸಲ್ಲಿ ಹೇಳೋವರೆಗೂ ನಿಂತ ಜಾಗ ಬಿಡ್ಬಾರ್ದು ಅಂತ ನಮ್ಮನೆಯವರಿಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು. ಕಣ್ಣಾರೆ ಕಾಣದೆ ಹೊಡೀಬಾರ್ದು ಅಂತ ನಂಗೂ ಗೊತ್ತಿತ್ತು. ಬಿದಿರು ಪೊದೆ ಅಲ್ಲಾಡ್ತು... ನಾವು ಬೇಟೆಗಾರರು ಗುರುತಿಗೆ ಹಾಕ್ಕೊಳ್ಳೋ ಕಿತ್ತಳೆ ಬಣ್ಣ ಎಲ್ಲೂ ಕಾಣ್ಲಿಲ್ಲಮ್ಮ.”

“ಎಲ್ಲಿಂದ ಕಾಣುತ್ತೆ? ಹಂದಿ ಇದರ ಹೊಟ್ಟೆ ಸೀಳಿತ್ತು. ಟೋಪಿ ಗಾಯಕ್ಕೆ ಒತ್ತಿ, ಮೈಮೇಲಿನ ಕೋಟು ಬಿಚ್ಚಿ ಇದಕ್ಕೇ ಸುತ್ತಿ, ಎದೆಗವಚ್ಕೊಂಡು ಬಗ್ಗಿ ಬರ್ತಿದ್ರು.”

“ನನ್ನ ನಾಯಿಗೋಸ್ಕರ...”

“ನಿಮಗೋಸ್ಕರ. ಅರ್ಧ ದಾರಿ ಅವರು ಹೊತ್ಕೊಂಡು ಬಂದ್ರು. ಉಳಿದರ್ಧ ನಾನು ತಂದಿದೀನಿ. ತಗೊಳ್ಳಿ.”

ಗೆಂಜಿರೊ ಕೈ ಚಾಚಲಿಲ್ಲ. ಅವಳೇ ಹಗ್ಗವನ್ನು ಅವನ ಮಣಿಕಟ್ಟಿಗೆ ಸುತ್ತಿ, ಬಾಗಿಲು ತೆರೆದು ಹಿಮಕ್ಕಿಳಿದಳು. ಮಾಮೆ ಅವಳ ಹಿಂದೆ ಹೋಗಲು ಹಗ್ಗ ಜಗ್ಗಿತು. ಮುದುಕ ಅದು ಎಳೆದತ್ತ ನಡೆದ.