ಗದ್ದೆ ನಡೆದು ಬಂದೆಯಾ?

ನಗುವುದಾದರೆ ಈಗಲೇ ನಕ್ಕುಬಿಡಿ. ನಡುವೆ ಯಾರಾದರೂ ಹಲ್ಲು ಕಿಸಿದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಇದು ಎಲ್ಲೋ ಯಾರೋ ಹೇಳಿದ್ದಲ್ಲ ಮಾರಾಯ್ರೆ. ನಮ್ಮ ಜೋಯ್‌ಸ್ಟನ್‌ಗೆ ಆದದ್ದು, ನನ್ನ ದೊಡ್ಡಮ್ಮನ ಮಗನಿಗೆ.

ಕುಕ್ಕುಂದೂರಿನಲ್ಲಿ ಒಬ್ಬರು ತೀರಿಕೊಂಡು ತಿಂಗಳಾಗಿತ್ತು, ಅವರ ತಿಂಗಳ ಪೂಜೆಯ ಊಟ ಮುಗಿಸಿ ರಾತ್ರಿ ನಡೆದು ಬರುತ್ತಿದ್ದ. ಭುಜಕ್ಕೆ ಪಟ್ಟಿ ಕಟ್ಟಿದ್ದರು, ಬೈಕ್ ಬಿಡುವ ಹಾಗಿರಲಿಲ್ಲ. ಗದ್ದೆಯ ಬದಿಯಲ್ಲಿ ಒಂದು ಹಾಳು ಬಾವಿ ಉಂಟು. ಅದರ ಹತ್ತಿರ ಬರುವಾಗ ಜೀರುಂಡೆಗಳ ಸದ್ದು ನಿಂತಿತು... ಒಮ್ಮೆಲೇ. ಆಮೇಲೆ ಮೇಲಿನಿಂದ ಶಬ್ದ. ಟರ್‌ರ್‌ರ್‌... ಹುಲ್ಲು ಕತ್ತರಿಸುವ ಮೆಷಿನಿನ ಹಾಗೆ.

ಅದು ಎಂತದರ ಶಬ್ದ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಕಾಲು ಮುಂದೆ ಹೋಗಲಿಲ್ಲ.

ತಡೆಯಿರಿ, ಹಿಂದಿನದ್ದು ಹೇಳಬೇಕು. ಜೋಯ್‌ಸ್ಟನ್ ಮೈಕ್ರೋಲೈಟ್ ಹಾರಿಸಲು ಕಲಿಯುತ್ತಿದ್ದ. ಎರಡೇ ಸೀಟಿನ ಸಣ್ಣ ವಿಮಾನ, ಮೇಲೆ ಬಟ್ಟೆಯ ರೆಕ್ಕೆ, ಹಿಂದೆ ಎಂಜಿನ್. ಕಲಿಯುವವ ಮುಂದೆ, ಕಲಿಸುವವರು ಅವನ ಬೆನ್ನಿಗೆ. ಕಲಿಸುತ್ತಿದ್ದವರು ಅಲೋಶಿಯಸ್ ಸರ್. ಮಸ್ಕತ್ ಬಿಟ್ಟು ಬಂದು ಕಾರ್ಕಳದ ಆಚೆ ಪದವಿನ ಬೋಳು ಗುಡ್ಡದ ಮೇಲೆ ಸಣ್ಣ ರನ್‌ವೇ ಮಾಡಿದ್ದರು. ಅವರದ್ದು ಒಂದೇ ಹಠ. ಎಂಜಿನ್ ಎಂದಾದರೊಂದು ದಿನ ನಿಂತೇ ನಿಲ್ಲುತ್ತದೆ. ನಿಂತರೆ ಹಿಂದಕ್ಕೆ ತಿರುಗಿಸಬಾರದು, ಎದುರಿನ ಗದ್ದೆಯಲ್ಲೇ ಇಳಿಸಬೇಕು. ಹಾಗಾಗಿ ಹಾರುವ ದಿನ ಬೆಳಿಗ್ಗೆ ಕಲಿಯುವವನೇ ಆ ಗದ್ದೆಯನ್ನು ಆಚೆಯಿಂದ ಈಚೆಗೆ ಕಾಲ್ನಡಿಗೆಯಲ್ಲಿ ನೋಡಿ ಬರಬೇಕು. ಬೆಲ್ಟ್ ಬಿಗಿಯುವ ಮೊದಲು ಮಗನನ್ನು ಕರೆದ ಹಾಗೆ ಕೇಳುತ್ತಿದ್ದರು, "ಗದ್ದೆ ನಡೆದು ಬಂದೆಯಾ ಪುತಾ?"

ನವೆಂಬರಿನಲ್ಲಿ ಕೊಯ್ಲಾಗಿ ಗದ್ದೆ ಮೈದಾನದ ಹಾಗಿತ್ತು. ಇವನು ಒಂದು ಸಲ ನಡೆದ. ಆಮೇಲೆ ಸೋಮಾರಿತನ. ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಕತ್ತು ಹೊರಳಿಸಿ ನೋಡಿದರೆ ಮುಗಿಯಿತು. ಕೇಳಿದರೆ "ಹೌದು ಸರ್." ಡಿಸೆಂಬರಿನಲ್ಲಿ ಗದ್ದೆಗೆ ಉದ್ದು ಬಿತ್ತಿದರು. ನವಿಲು ಬಾರದ ಹಾಗೆ ನಮ್ಮವರು ಎಂತ ಮಾಡುತ್ತಾರೆ? ಕಾಪುವಿನಿಂದ ಹಳೇ ಮೀನಿನ ಬಲೆ ತಂದು ಗೂಟ ಹೊಡೆದು ಕಟ್ಟುತ್ತಾರೆ, ಅಲ್ವಾ? ಅದು ರಸ್ತೆಯಿಂದ ಕಾಣುವುದಿಲ್ಲ. ಮೇಲಿನಿಂದಂತೂ ಇಲ್ಲವೇ ಇಲ್ಲ.

ಆ ದಿನವೂ "ಹೌದು ಸರ್" ಅಂದ. ಮೇಲೆ ಏರಿದ ಕೂಡಲೇ ಎಂಜಿನ್ ಎರಡು ಸಲ ಕೆಮ್ಮಿತು... ನಿಂತಿತು. "ಮೂಗು ಕೆಳಗೆ ಮಾಡು. ಗದ್ದೆಗೆ ಬಿಡು," ಅಂದರಂತೆ ಸರ್, ಸ್ವಲ್ಪವೂ ಗಡಿಬಿಡಿ ಇಲ್ಲದೆ. ಚಂದಕ್ಕೇ ಇಳಿದರು. ಚಕ್ರ ನೆಲಕ್ಕೆ ತಾಗಿತು. ಅಷ್ಟರಲ್ಲಿ ಬಲೆ ಸಿಕ್ಕಿಕೊಂಡು ವಿಮಾನ ಮಗುಚಿಬಿತ್ತು. ಇವನ ಭುಜದ ಎಲುಬು ಮುರಿಯಿತು. ಸರ್ ಉಳಿಯಲಿಲ್ಲ.

ಊರೆಲ್ಲ ಭೀಮೇಶನ ಮೇಲೆ ಬಿತ್ತು. ಬಾಗಲಕೋಟೆ ಕಡೆಯವನು, ಅಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. "ನಾ ಎಲ್ಲಾ ಬರೋಬ್ಬರಿ ನೋಡೇನ್ರಿ," ಎಂದು ಅತ್ತನಂತೆ. ಯಾರು ಕೇಳುತ್ತಾರೆ? ಎಂಜಿನ್ ನಿಲ್ಲದಿದ್ದರೆ ಬಲೆಗೆ ಬೀಳುವುದು ಎಂತಕ್ಕೆ, ಇವನೇ ಕೊಂದದ್ದು ಅಂದರು. ಗದ್ದೆ ನೋಡಲು ಹೋಗಬೇಕಾದವನೇ ಹೋಗಿರಲಿಲ್ಲ ಎಂಬುದು ಜೋಯ್‌ಸ್ಟನ್‌ಗೆ ಮಾತ್ರ ಗೊತ್ತು. ಬಾಯಿ ಬಿಡಲಿಲ್ಲ ಅವನು. ಛೆ! ಹೇಳಲು ನನಗೇ ನಾಚಿಕೆಯಾಗುತ್ತದೆ, ನಮ್ಮ ಮನೆಯ ಹುಡುಗ.

ಆ ತಿಂಗಳ ಪೂಜೆ ಸರ್‌ದೇ. ಅವರ ಹೆಂಡತಿ ಆಂಜೆಲಾ ಆಂಟಿ ಇವನನ್ನು ಕೂರಿಸಿ ಬಡಿಸಿದರು. ಭೀಮೇಶ ಗೇಟಿನ ಹೊರಗೆ ನಿಂತಿದ್ದ. ಮರುದಿನ ಕೆಲಸ ಬಿಟ್ಟು ಊರಿಗೆ ಹೋಗುವವನು, ಕೈ ಮುಗಿದು ಹೋಗೋಣ ಎಂದು ಬಂದದ್ದು. ಯಾರೂ ಒಳಗೆ ಕರೆಯಲಿಲ್ಲ. ಜೋಯ್‌ಸ್ಟನ್ ತಲೆ ತಗ್ಗಿಸಿ ಅವನನ್ನು ದಾಟಿ ಬಂದ.

ಈಗ ಬಾವಿಯ ಹತ್ತಿರಕ್ಕೆ ಬನ್ನಿ. ಅದರ ಬದಿಯದ್ದು ವಿಮಾನ ಮಗುಚಿದ ಅದೇ ಗದ್ದೆ.

ಮೇಲಿನ ಶಬ್ದ ಎರಡು ಸಲ ಕೆಮ್ಮಿತು... ನಿಂತಿತು. ಮತ್ತೆ ಗಾಳಿ ಮಾತ್ರ, ರೆಕ್ಕೆಯ ತಂತಿಯಲ್ಲಿ ಹೊಕ್ಕ ಹಾಗೆ ಸುಂಯ್ ಎಂದು. ಆಕಾಶದಲ್ಲಿ ಎಂತದೂ ಇಲ್ಲ. ಆಗ ಬೆನ್ನಿಗೆ... ಕಿವಿಯ ಹತ್ತಿರವೇ...

"ಗದ್ದೆ ನಡೆದು ಬಂದೆಯಾ ಪುತಾ?"

ಇವನು ಎಂತ ಹೇಳಿದ ಗೊತ್ತುಂಟಾ? "ಹೌದು ಸರ್." ಸತ್ತವರ ಹತ್ತಿರವೂ ಸುಳ್ಳು! ನನಗೆ ಹೇಳುವಾಗ ಇಲ್ಲಿಗೆ ಬಂದು ಮುಖ ಮುಚ್ಚಿಕೊಂಡ.

ಹಿಂದಿನಿಂದ ಒಂದು ನಿಟ್ಟುಸಿರು. ಬೈಗುಳ ಇಲ್ಲ, ಸಿಟ್ಟೂ ಇಲ್ಲ.

ಅವನು ಗದ್ದೆಗೆ ಇಳಿದ. ನಡೆದ. ಉದ್ದಿನ ಗಿಡ ಕಾಲಿಗೆ ತಾಗಿ ಸರಕ್... ಸರಕ್... ಹಿಂದೆಯೂ ಸರಕ್... ಸರಕ್... ಇವನು ನಿಂತರೆ ಅದು ಇನ್ನೊಂದು ಹೆಜ್ಜೆ ಹಾಕಿ ನಿಲ್ಲುತ್ತದೆ. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಬಲೆ ಮೊಣಕಾಲಿಗೆ ತಾಗಿದಾಗ ಅಲ್ಲೇ ಕುಸಿದ.

"ನಡೆಯಲಿಲ್ಲ ಸರ್," ಪಿಸುಗುಟ್ಟಿದ. "ಸುಳ್ಳು ಹೇಳಿದೆ."

ಜೀರುಂಡೆಗಳು ಮತ್ತೆ ಶುರುವಾದವು.

ಎದ್ದವನು ಮನೆಗೆ ಹೋಗಲಿಲ್ಲ, ಆಂಟಿಯ ಮನೆಗೇ ಓಡಿದ. ನೆಂಟರೆಲ್ಲ ಹೋಗಿಯಾಗಿತ್ತು. ಒಳಗೆ ಮೇಜಿನ ಎದುರು ಭೀಮೇಶ ಕೂತಿದ್ದ, ಆಂಟಿ ಅವನಿಗೆ ಇಡ್ಲಿಯಂಥ ಸಾನ್ನ, ಪಾಯಸ ಬಡಿಸುತ್ತಿದ್ದರು.

"ಆಂಟಿ... ನಾನೊಂದು ಹೇಳಬೇಕು..."

"ನನಗೆ ಬೇಡ, ನನಗೆ ಗೊತ್ತುಂಟು. ಇವನಿಗೆ ಹೇಳು."

ಹೇಳಿದ. ನಿಂತುಕೊಂಡೇ, ಎಲ್ಲವನ್ನೂ. ಭೀಮೇಶ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟು ಅಳತೊಡಗಿದ.

"ಆಂಟಿ, ನಿಮಗೆ ಯಾರು ಹೇಳಿದ್ದು?" ಜೋಯ್‌ಸ್ಟನ್ ಕೇಳಿದ.

"ನಿನ್ನ ಸರ್. ಇವತ್ತು ಬೆಳಿಗ್ಗೆ ಹಿಂಬಾಗಿಲಿಗೆ ಬಂದಿದ್ದರು. ಊಟಕ್ಕೆ ಕೂತಾಗ ನೀನೇ ಹೇಳುತ್ತೀ ಎಂದು ಕಾದೆ. ಎರಡು ಸಲ ಬಡಿಸಿದೆ. ನೀನು ಕೈ ತೊಳೆದು ಹೋದೆ."

ಆಂಟಿಗೆ ತಲೆ ಕೆಟ್ಟಿತ್ತು ಅನ್ನಬೇಡಿ. ಇವತ್ತಿಗೂ ಶಾಲೆಯಲ್ಲಿ ಗಣಿತ ಕಲಿಸುವ ಹೆಂಗಸು. ನಾನೇ ಹೋಗಿ ಕೇಳಿದ್ದೇನೆ. "ಕಾಫಿ ಕೊಟ್ಟೆ, ಸಕ್ಕರೆ ಕಮ್ಮಿಯಾಯಿತು ಅಂದರು," ಎಂದರು. "ಲೋಟ ನಾನೇ ತೊಳೆದಿಟ್ಟದ್ದು."