ಎಡಗಡೆಯ ನೀಲಿ ಎಲೆ

ಎಲ್ಡೆದಾಲ್ ಕಸೂತಿ ಸಂಘದ ಮಾನ್ಯ ಅಧ್ಯಕ್ಷೆ ಮೋಲ್‌ಫ್ರಿದ್ ಅವರೇ, ನಮೂನೆ ಸಮಿತಿಯ ಸದಸ್ಯೆಯರೇ, ಮುಂದಿನ ಸಾಲಿನ ಪಾದ್ರಿಗಳೇ, ವಾಫಲ್ ಹುಯ್ಯುವುದನ್ನು ಬಿಟ್ಟು ಅಡುಗೆಮನೆ ಬಾಗಿಲಿನಿಂದ ಇಣುಕುತ್ತಿರುವವರೇ, ನಮ್ಮ ಕಣಿವೆಯ ಎಲ್ಲ ಸಭಿಕರೇ,

ಮೊದಲಿಗೆ ಒಂದು ತಕರಾರಿದೆ. ಈ ಭಾಷಣವನ್ನು ಬರೆದುಕೊಂಡೇ ಬರಬೇಕೆಂದು ನನಗೆ ಅಪ್ಪಣೆಯಾಯಿತು. ಮೋಲ್‌ಫ್ರಿದ್ ಫೋನು ಮಾಡಿ ಹೇಳಿದಳು: “ಹಾಲ್ದಿಸ್, ಹೋದ ವರ್ಷ ನೀನು ಬಾಯಿಗೆ ಬಂದದ್ದು ಮಾತಾಡ್ದೆ, ಪಾದ್ರಿಗಳು ಕಾಫೀನೂ ಕುಡೀದೆ ಎದ್ದು ಹೋದ್ರು. ಈ ಸಲ ಬರ್ಕೊಂಡ್ ಬಾ. ಚಿಕ್ಕದಾಗಿ, ಚೊಕ್ಕವಾಗಿ.” ನಾನು ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟವಳು. ಸೂಜಿ ಹಿಡಿದರೆ ನೆಟ್ಟಗಿರುವ ಬೆರಳು ಪೆನ್ನು ಹಿಡಿದರೆ ಸೆಟೆದುಕೊಳ್ಳುತ್ತದೆ. ಆದರೂ ಬರೆದಿದ್ದೇನೆ. ಹಾಳೆಯ ತುಂಬ ಕಾಟು ಇದೆ, ಒಂದು ಕಡೆ ಕಾಫಿ ಚೆಲ್ಲಿದೆ. ಶುದ್ಧ ಪ್ರತಿ ಮಾಡಲಿಲ್ಲ. ಏಕೆ ಮಾಡಲಿಲ್ಲ ಎನ್ನುವುದೇ ನನ್ನ ಇವತ್ತಿನ ಭಾಷಣ.

ಈಗ ಅಧ್ಯಕ್ಷರು ಬೆಳ್ಳಿ ಪದಕ ಕೊಟ್ಟು ನನ್ನ ಬಗ್ಗೆ ಒಂದು ಮಾನಪತ್ರ ಓದಿದರು. “ಲೋಪವಿಲ್ಲದ ಕೈ” ಎಂದು ಅದರಲ್ಲಿ ಬರೆದಿದೆ. ಯಾರ ಕೈ? ಈ ಕೈಯೇ? ಬೆಳಿಗ್ಗೆ ಈ ಕೈ ಹಾಲಿನ ಜಗ್ಗು ಬೀಳಿಸಿತು. ಲೋಪವಿಲ್ಲ ಎಂದು ನಿಮಗೆ ಹೇಳಿದವರು ಯಾರು? ಬಟ್ಟೆಯನ್ನು ತಿರುವಿ ಹಾಕಿ ಹಿಂಬದಿ ನೋಡಿದಿರಿ, ಗಂಟಿಲ್ಲ, ಜೋಲುವ ದಾರವಿಲ್ಲ, ಅಷ್ಟೇ. ಬಟ್ಟೆಯ ಹಿಂಬದಿ ನೋಡಿದ ನೀವು ಮನೆಯ ಹಿಂಬದಿ ನೋಡಿದಿರಾ?

ಪಟ್ಟಣದವರು ನಮ್ಮನ್ನು ಬೂನಾದ್ ಪೊಲೀಸರು, ಹಬ್ಬದ ಉಡುಪಿನ ಪೊಲೀಸರು, ಎಂದು ಗೇಲಿ ಮಾಡುತ್ತಾರೆ. ನಾವೂ ನಗುತ್ತೇವೆ, ಒಳಗೊಳಗೇ ಹೆಮ್ಮೆಪಡುತ್ತೇವೆ. ಮೇ ಹದಿನೇಳರ ನಾಡಹಬ್ಬದ ದಿನ ರಸ್ತೆಯಂಚಿಗೆ ನಿಂತು, ಬೂನಾದ್ ಉಟ್ಟು ಬಂದ ಹುಡುಗಿಯರ ಮೇಲೆ ಕಣ್ಣಿಡುವುದು ನಮಗೆ ಕ್ರೀಮ್ ಕೇಕಿಗಿಂತ ರುಚಿ. ಯಾರು ಕಪ್ಪು ಕನ್ನಡಕ ಹಾಕಿಕೊಂಡರು, ಯಾರ ಬೂಟಿಗೆ ಬಕಲ್ಲಿಲ್ಲ, ಯಾರ ಲಂಗ ನೆಲದಿಂದ ಎಷ್ಟು ಮೇಲಿದೆ! ಅಜ್ಜಿಯರು ಹಬ್ಬಕ್ಕೆ ಉಡುತ್ತಿದ್ದ ಬಟ್ಟೆ ಅದು. ಸಂತೋಷಕ್ಕೆ ಉಡುತ್ತಿದ್ದದ್ದು. ಈಗ ನಮ್ಮ ಹುಡುಗಿಯರು ಪರೀಕ್ಷೆಗೆ ಹೋದ ಹಾಗೆ ಉಟ್ಟುಕೊಂಡು ಬರುತ್ತಾರೆ.

ಯೋರುನ್ ನಿಮಗೆಲ್ಲ ಗೊತ್ತು. ನನ್ನ ಸೊಸೆ, ನಮ್ಮ ಕಣಿವೆಯ ನರ್ಸು. ಈ ಸಭೆಯಲ್ಲಿ ಕುಳಿತವರಲ್ಲಿ ಅರ್ಧ ಜನರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿದವಳು ಅವಳು. ಹಿಮ ಬಿದ್ದು ರಸ್ತೆ ಮುಚ್ಚಿದಾಗ ಸ್ಕೀ ಹಾಕಿಕೊಂಡು ಬಂದು ಇನ್ಸುಲಿನ್ ಕೊಟ್ಟವಳು. ಮೋಲ್‌ಫ್ರಿದ್, ನಿನ್ನ ತಾಯಿಯ ಕೊನೆಯ ವಾರದಲ್ಲಿ ಅವರ ಬಾಯಿಗೆ ನೀರು ಬಿಟ್ಟವಳೂ ಅವಳೇ. ಚರ್ಚಿನಲ್ಲಿ ನಡೆಯುವ ಮಗಳು ಓಸ್ನೆಯ ಕನ್‌ಫರ್ಮೇಶನ್ ದೀಕ್ಷೆಗೆ ತನ್ನ ಕೈಯಾರೆ ಬೂನಾದ್ ಹೊಲಿಯಬೇಕೆಂದು ಅವಳಿಗೆ ಆಸೆಯಾಯಿತು. ಕೊಂಡು ತರಬಹುದಿತ್ತು. ನಾನು ಹೊಲಿದುಕೊಡುತ್ತೇನೆ ಎಂದೆ. ಅವಳು ಬೇಡ ಎಂದಳು. “ಅತ್ತೆ, ನೀವು ಹೊಲಿದ್ರೆ ಅದು ನಿಮ್ಮದಾಗತ್ತೆ. ಸೊಟ್ಟಗೋ ಪಟ್ಟಗೋ, ಅವಳ ಅಮ್ಮ ಹೊಲಿದದ್ದು ಅಂತ ಇರ್ಲಿ.”

ಸೊಟ್ಟಗೋ ಪಟ್ಟಗೋ! ಪಾಪ, ಅವಳಿಗೆ ನಮ್ಮ ಸಂಘ ಗೊತ್ತಿರಲಿಲ್ಲ.

ಸಮಿತಿಗೆ ತೋರಿಸದೆ ಸಂಘದ ಮೊಹರಿನ ಪಟ್ಟಿ ಸಿಗುವುದಿಲ್ಲ. ಸೊಂಟದ ಒಳಗಡೆ, ಯಾರಿಗೂ ಕಾಣದ ಜಾಗದಲ್ಲಿ ಹೊಲಿಯುವ ಬೆರಳುದ್ದದ ಪಟ್ಟಿ. ಅದಿಲ್ಲದಿದ್ದರೆ ಹುಡುಗಿ ಮೇ ಹದಿನೇಳರ ಮೆರವಣಿಗೆಯಲ್ಲಿ ನಮ್ಮ ಬಾವುಟದ ಕೆಳಗೆ ನಡೆಯುವ ಹಾಗಿಲ್ಲ. ಜೊತೆಯ ಹುಡುಗಿಯರೆಲ್ಲ ಬಾವುಟದ ಕೆಳಗೆ, ಇವಳೊಬ್ಬಳು ಐಸ್‌ಕ್ರೀಮ್ ಅಂಗಡಿಯ ಹತ್ತಿರ. ಯೋರುನ್ ಬೂನಾದನ್ನು ಸಮಿತಿಗೆ ಕೊಟ್ಟಳು. ಸಮಿತಿ ಪ್ರತಿಯೊಂದು ತಪ್ಪಿಗೂ ಒಂದು ಕೆಂಪು ದಾರ ಕಟ್ಟಿ ವಾಪಸ್ಸು ಕೊಟ್ಟಿತು. ಬಟ್ಟೆಗೆ ದಡಾರ ಎದ್ದ ಹಾಗಿತ್ತು. ಕೆಂಪು ದಾರದ ಪದ್ಧತಿಯನ್ನು ಸಂಘಕ್ಕೆ ತಂದವರು ಯಾರು ಎಂದು ಹಿಂದಿನ ಸಾಲಿನಲ್ಲಿ ಯಾರೋ ಗುಸುಗುಸು ಮಾಡುತ್ತಿದ್ದೀರಿ, ಕೇಳಿಸುತ್ತಿದೆ. ಅದು ಇವತ್ತಿನ ವಿಷಯವಲ್ಲ. ಆಗ ಅಂಗಡಿಯಲ್ಲಿ ಕೆಂಪು ದಾರ ಅಗ್ಗವಾಗಿತ್ತು, ಅಷ್ಟೇ.

ಅವಳು ಬಿಚ್ಚಿದಳು, ಮತ್ತೆ ಹೊಲಿದಳು. ಮತ್ತೆ ಕೆಂಪು ದಾರ. ಬಿಚ್ಚಿದಳು, ಹೊಲಿದಳು. ಮತ್ತೆ ಕೆಂಪು ದಾರ. ಕೆಲಸ ಮುಗಿಸಿ ಬಂದವಳು ಕೋಟು ತೆಗೆಯದೆ ಕಿಟಕಿಯ ಹತ್ತಿರ ಕುಳಿತುಬಿಡುತ್ತಿದ್ದಳು. ಊಟಕ್ಕೆ ಕರೆದರೆ “ಈ ಒಂದು ಹೂವು” ಎನ್ನುತ್ತಿದ್ದಳು. ಬಿಚ್ಚಿ ಬಿಚ್ಚಿ ಸೊಂಟದ ಹತ್ತಿರ ಬಟ್ಟೆ ಸವೆದು ಆಚೆಯ ಬೆಳಕು ಕಾಣುವಂತಾಯಿತು. ಆಮೇಲೆ ಕೆಲಸದಲ್ಲೂ ಅದೇ ಶುರುವಾಯಿತು. ಕಟ್ಟಿದ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟುವುದು, ಕೊಟ್ಟ ಮಾತ್ರೆಯನ್ನು ಸರಿಯಾಗಿ ಕೊಟ್ಟೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಕಾರು ತಿರುಗಿಸುವುದು. ಒಂದು ದಿನ ನಮ್ಮ ಸೇತುವೆಯ ಮೇಲೆ ಕಾರು ನಿಲ್ಲಿಸಿಕೊಂಡು, ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ ಕುಳಿತಿದ್ದಳು. ಹಾಲಿನ ಲಾರಿಯವನು ಇಳಿದು ಬಂದು ನನ್ನ ಮಗನಿಗೆ ಫೋನು ಮಾಡಿದ.

ಈಗ ಅವಳು ರಜೆಯ ಮೇಲೆ ಮನೆಯಲ್ಲಿದ್ದಾಳೆ. ಡಾಕ್ಟರ ಹತ್ತಿರ ನಾನೂ ಹೋಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರು, ಒಳ್ಳೆಯವನು. “ಬದುಕಲ್ಲಿ ಒಂದು ಸಮತೋಲನ ಬೇಕು ಯೋರುನ್, ಎಲ್ಲಾನೂ ಪರಿಪೂರ್ಣ ಮಾಡೋಕೆ ಹೋಗ್ಬಾರ್ದು” ಎಂದ. ನಾನು ಕೇಳಿದೆ: “ಅಲ್ಲಪ್ಪ, ತಕ್ಕಡೀಲಿ ಒಂದ್ ಕಡೆ ಇವಳು ಕೂತಿದ್ದಾಳೆ, ಇನ್ನೊಂದ್ ಕಡೆ ನಮ್ಮ ನಮೂನೆ ಸಮಿತಿ ಪೂರ್ತಿ ಕೂತಿದೆ. ಹೆಂಗೆ ಸಮ ಆಗತ್ತೆ ಹೇಳು?” ಅವನು ರಜೆಯ ಚೀಟಿ ಬರೆದುಕೊಟ್ಟ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಹೇಗೆ ಸಮವಾಗುತ್ತದೆ?

ಓಸ್ನೆ ಹೇಳಿದ್ದೇನು ಗೊತ್ತೇ? “ಅಮ್ಮಾ, ನಾನು ಜೀನ್ಸ್ ಹಾಕ್ಕೊಂಡೇ ಚರ್ಚಿಗೆ ಹೋಗ್ತೀನಿ. ನೀನು ಊಟಕ್ಕೆ ಬಾ, ಸಾಕು.” ಹುಡುಗಿಗೆ ಬೂನಾದ್ ಬೇಡ ಎಂದಲ್ಲ. ಕನ್ನಡಿಯ ಮುಂದೆ ಅದನ್ನು ಮೈಗೆ ಹಿಡಿದುಕೊಂಡು ನೋಡಿದ್ದನ್ನು ನಾನು ಕಂಡಿದ್ದೇನೆ. ಅಮ್ಮ ಬೇಕು, ಅದಕ್ಕೆ ಬೂನಾದನ್ನು ಬಿಟ್ಟಳು. ಈ ಆಯ್ಕೆಯನ್ನು ಆ ವಯಸ್ಸಿನ ಹುಡುಗಿಯ ಮುಂದೆ ಇಟ್ಟವರು ನಾವು. ನಾಚಿಕೆಯಾಗುವುದಿಲ್ಲವೇ?

ನನ್ನ ಗಂಡ ತಾರ್ಯೆ ಇದ್ದಾಗಲೂ ಹೀಗೇ. ಪ್ರತಿ ಮೇ ಹದಿನೇಳಕ್ಕೆ ಬೆಳ್ಳಿ ಗುಂಡಿಯ ಕೋಟು ಹಾಕಿಕೊಂಡು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತಿರುತ್ತಿದ್ದ. ನಾನು ಪಡಸಾಲೆಯಲ್ಲಿ ಮಂಡಿಯೂರಿ ಊರಿನವರ ಲಂಗದ ಅಂಚು ಸರಿಮಾಡುತ್ತಿದ್ದೆ. ಒಬ್ಬಳದು ಮುಗಿದರೆ ಇನ್ನೊಬ್ಬಳು. “ಹಾಲ್ದಿಸ್, ಮಕ್ಕಳ ಮೆರವಣಿಗೆ ಹೊರಟ್ತು. ಬ್ಯಾಂಡು ಕೇಳ್ತಿದೆ.” “ಇನ್ನೊಂದು ಹೊಲಿಗೆ, ಬಂದೆ.” ಬ್ಯಾಂಡಿನ ಸದ್ದು ಸೇತುವೆ ದಾಟಿ ಹೋಗುತ್ತಿತ್ತು. ಅವನು ಮಗನನ್ನು ಕರೆದುಕೊಂಡು ಹೋಗುತ್ತಿದ್ದ. ನನ್ನ ಮಗ ಬಾವುಟ ಹಿಡಿದು ನಡೆದದ್ದನ್ನು ನಾನು ಫೋಟೋದಲ್ಲಿ ನೋಡಿದ್ದೇನೆ. ಒಳ್ಳೆಯ ಫೋಟೋ. ಅದರಲ್ಲಿ ಅವನ ಕಾಲುಚೀಲ ಜಾರಿದೆ. ನೋಡಿದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬೀಳುವುದು ಕಾಲುಚೀಲವೇ. ಇರಲಿ. ಇದನ್ನೇಕೆ ಬರೆದೆನೋ ಗೊತ್ತಿಲ್ಲ, ಕಾಟು ಹಾಕಬೇಕೆಂದಿದ್ದೆ, ಮರೆತೆ.

ವಿಷಯಕ್ಕೆ ಬರುತ್ತೇನೆ. ಯೋರುನ್ ಎಲ್ಲವನ್ನೂ ತಿದ್ದಿದಳು. ಕೊನೆಗೆ ಒಂದೇ ಒಂದು ಕೆಂಪು ದಾರ ಉಳಿಯಿತು. ಲಂಗದ ಎಡಗಡೆ, ಸೊಂಟದ ಕೆಳಗೆ, ಬಳ್ಳಿಯ ಕೊನೆಯ ಎಲೆ. ಅದನ್ನು ಅವಳು ಹಸಿರು ದಾರದಲ್ಲಿ ಹೊಲಿದಿದ್ದಳು. ಅಲ್ಲಿ ನೀಲಿ ಎಲೆ ಇರಬೇಕಂತೆ! ಇಡೀ ಬಳ್ಳಿಗೆ ಹಸಿರು ಎಲೆ, ಎಡಗಡೆಯ ಕೊನೆಯದು ಮಾತ್ರ ನೀಲಿ. ಎಲೆ ಹಸಿರಾಗಿದ್ದದ್ದೇ ತಪ್ಪಾಯಿತು. ನೀಲಿ ಎಲೆ ಸ್ವರ್ಗದ ಗುರುತು ಎಂದು ನಮ್ಮ ಕರಪತ್ರದಲ್ಲಿ ಅಚ್ಚು ಹಾಕಿಸಿದ್ದೀರಿ. ನದಿಯ ಗುರುತು ಎಂದು ಶಾಲೆಯ ಮಕ್ಕಳಿಗೆ ಹೇಳಿಕೊಡುತ್ತೀರಿ. ನಿರ್ಧಾರ ಮಾಡಿಕೊಳ್ಳಿ, ಸ್ವರ್ಗವೋ ನದಿಯೋ?

ಎರಡೂ ಅಲ್ಲ. ಆ ನಮೂನೆಯನ್ನು ತೆಗೆದದ್ದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರುವ ಹಳೆಯ ಲಂಗದಿಂದ. ಆ ಲಂಗ ನನ್ನ ಅಜ್ಜಿಯ ತಾಯಿ ಔಸ್ಲೌಗ್‌ಳದು. ನಮ್ಮ ಮನೆಯಲ್ಲಿ ಅದರ ಕಥೆಯನ್ನು ಮಕ್ಕಳೂ ಹೇಳುತ್ತಿದ್ದರು. ಮಧ್ಯಬೇಸಿಗೆಯ ಹಬ್ಬದ ದಿನ, ಊರಿನವರೆಲ್ಲ ಬೆಂಕಿ ಹಾಕಿ ಕುಣಿಯಲು ಕೆರೆಯ ದಂಡೆಗೆ ಹೊರಟಿದ್ದರು. ಔಸ್ಲೌಗ್‌ಳ ಹಸಿರು ದಾರ ಮುಗಿದುಹೋಯಿತು. ಬಣ್ಣ ಹಾಕಬೇಕೆಂದರೆ ಸೊಪ್ಪು ತರಬೇಕು, ಕುದಿಸಬೇಕು, ಒಣಗಿಸಬೇಕು. ಗಂಡ ಬಾಗಿಲಲ್ಲಿ ನಿಂತು ಕೂಗಿದ: “ಬರ್ತೀಯೋ, ಪಿಟೀಲಿನವನನ್ನ ಇಲ್ಲಿಗೇ ಕರೀಲೋ?” ಅವಳು ಕೈಗೆ ಸಿಕ್ಕ ನೀಲಿ ದಾರ ಪೋಣಿಸಿಕೊಂಡು, “ಯಾರ್ ನೋಡ್ತಾರೆ? ಹಸುಗಳು ಬಂದು ನೋಡ್ತಾವಾ?” ಎಂದು ಎಲೆ ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದು, ಕುಣಿಯಲು ಓಡಿದಳು.

ಕುಣಿಯಲು ಓಡಿದಳು! ಇದಿಷ್ಟೇ ನಿಮ್ಮ ಸ್ವರ್ಗ. ಇದಿಷ್ಟೇ ನಿಮ್ಮ ನದಿ. ಸಾಕು ಎಂದು ಎದ್ದ ಒಬ್ಬ ಹೆಂಗಸಿನ ಅವಸರವನ್ನು ಅಳತೆಪಟ್ಟಿ ಹಿಡಿದು ನಕಲು ಮಾಡಿ, ಅದರ ಹೆಸರಿನಲ್ಲಿ ಇನ್ನೊಬ್ಬ ಹೆಂಗಸನ್ನು ಏಳದ ಹಾಗೆ ಕೂರಿಸಿದ್ದೇವೆ. ಮೊದಲೇ ಏಕೆ ಹೇಳಲಿಲ್ಲ ಎನ್ನುತ್ತೀರಾ? ಹೇಳಿದ್ದೆ. ನಮೂನೆ ತೆಗೆದ ವರ್ಷವೇ ಹೇಳಿದೆ. “ಆಧಾರ ಇದ್ಯಾ ಹಾಲ್ದಿಸ್?” ಎಂದು ಮೋಲ್‌ಫ್ರಿದ್ ಕೇಳಿದಳು. ಆಧಾರವಿರಲಿಲ್ಲ, ಅಜ್ಜಿ ಇದ್ದಳು. ಅಜ್ಜಿ ಸಾಲದು ಎಂದರು. ನಾನೂ ಬಾಯಿ ಮುಚ್ಚಿಕೊಂಡು ಜೀವಮಾನವಿಡೀ ನೀಲಿ ಎಲೆ ಹೊಲಿದೆ. ಬಹಳ ಚೆನ್ನಾಗಿ ಹೊಲಿದೆ, ಅದನ್ನು ಮಾತ್ರ ಯಾರೂ ಇಲ್ಲ ಎನ್ನಬೇಡಿ.

ಅಚ್ಚುಕಟ್ಟು ಬೇಡ ಎಂದು ನಾನು ಹೇಳುತ್ತಿಲ್ಲ. ಗಬ್ಬು ಕೆಲಸ ಕಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಪಾದ್ರಿಗಳ ಕೋಟಿನ ಎಡತೋಳಿನ ಗುಂಡಿ ಸಡಿಲವಾಗಿದೆ, ಭಾಷಣ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ. ನಾನು ಹೇಳುವುದು ಇಷ್ಟೇ: ಎಲ್ಲಿ ಸಾಕು ಎನ್ನಬೇಕೋ ಅಲ್ಲಿ ಸಾಕು ಎನ್ನುವುದೂ ಕೈಗೆ ಬರಬೇಕಾದ ಕೆಲಸವೇ. ಅದನ್ನು ನಮ್ಮ ಸಂಘದಲ್ಲಿ ಯಾರೂ ಯಾರಿಗೂ ಕಲಿಸಲಿಲ್ಲ.

ಬೂನಾದನ್ನು ತಂದಿದ್ದೇನೆ. ಇಗೋ, ಈ ಮೇಜಿನ ಮೇಲೆ ಇಡುತ್ತಿದ್ದೇನೆ. ಕೊನೆಯ ಕೆಂಪು ದಾರವನ್ನು ನಾನೇ ಕಿತ್ತು ಒಲೆಗೆ ಹಾಕಿದೆ. ಸವೆದ ಕಡೆ ಒಳಗಿನಿಂದ ತೇಪೆ ಹಾಕಿದ್ದೇನೆ. ತೇಪೆ ಸೊಟ್ಟಗಿದೆ. ಬಿಚ್ಚಿ ಮತ್ತೆ ಹಾಕಲು ಕತ್ತರಿ ತೆಗೆದಿದ್ದೆ, ಓಸ್ನೆ ಬಂದು ಕಿತ್ತುಕೊಂಡು ಹೋದಳು. ಇನ್ನೂ ವಾಪಸ್ಸು ಕೊಟ್ಟಿಲ್ಲ. ಯೋರುನ್ ಅದನ್ನು ನೋಡಿ, ಬಹಳ ದಿನದ ಮೇಲೆ ನಕ್ಕಳು. “ಅತ್ತೆ, ಇದು ನಿಮ್ಮ ಕೈಯಾ?” ಎಂದಳು. ನನ್ನ ಕೈಯೇ. ಮಾನಪತ್ರದಲ್ಲಿ ಇರುವ ಕೈಯೇ.

ಇನ್ನು ನಾನು ಕೇಳುವುದು ಒಂದೇ. ಹಸಿರು ಎಲೆ ಹಸಿರಾಗಿಯೇ ಇರುತ್ತದೆ. ತೇಪೆ ತೇಪೆಯಾಗಿಯೇ ಇರುತ್ತದೆ. ಹೀಗೆ ಇದ್ದ ಹಾಗೆಯೇ ಇದಕ್ಕೆ ಸಂಘದ ಪಟ್ಟಿ ಹಾಕುತ್ತೀರೋ ಇಲ್ಲವೋ? ಹಾಕುವುದಾದರೆ ನೀವು ಕೊಟ್ಟ ಈ ಬೆಳ್ಳಿ ಪದಕವನ್ನು ನಾನು ತೆಗೆದುಕೊಳ್ಳುತ್ತೇನೆ, ಮಾನಪತ್ರದಿಂದ “ಲೋಪವಿಲ್ಲದ” ಎನ್ನುವ ಮಾತಿಗೆ ಕಾಟು ಹಾಕಿ ಕೊಡಿ. ಹಾಕುವುದಿಲ್ಲ ಎಂದರೆ ಪದಕ ಇಲ್ಲೇ ಇರಲಿ. ಓಸ್ನೆ ಈ ಬೂನಾದ್ ಉಟ್ಟುಕೊಂಡೇ ಮೆರವಣಿಗೆಗೆ ಬರುತ್ತಾಳೆ, ಬಾವುಟದ ಹಿಂದೆ ಅವಳ ಜೊತೆ ಯೋರುನ್ ನಡೆಯುತ್ತಾಳೆ, ನಾನೂ ನಡೆಯುತ್ತೇನೆ, ಕಪ್ಪು ಕನ್ನಡಕ ಹಾಕಿಕೊಂಡು. ಆ ದಿನ ಯಾರೂ ಲಂಗದ ಅಂಚು ಹಿಡಿದುಕೊಂಡು ನಮ್ಮ ಮನೆಗೆ ಬರಬೇಡಿ. ಈ ವರ್ಷ ನಾನು ಮೆರವಣಿಗೆಯಲ್ಲಿರುತ್ತೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕುಳಿತವರಿಗೂ, ತಾಳ್ಮೆಯಿಲ್ಲದೆ ಕುಳಿತವರಿಗೂ, ಒಳಗೆ ವಾಫಲ್ ಸೀಯಲು ಬಿಟ್ಟು ನನ್ನ ಮಾತು ಕೇಳಿದವರಿಗೂ ಧನ್ಯವಾದ. ಸೀದದ್ದನ್ನು ನನಗೇ ಕೊಡಿ, ತಿನ್ನುತ್ತೇನೆ. ಎಲ್ಲರಿಗೂ ನಮಸ್ಕಾರ.

ಮೋಲ್‌ಫ್ರಿದ್, ಹೌದು ಅಥವಾ ಇಲ್ಲ, ಏಪ್ರಿಲ್ ಹತ್ತರೊಳಗೆ ಉತ್ತರ ಬೇಕು. ಬರೆದೇ ಕೊಡಬೇಕು, ನನ್ನಿಂದ ಬರೆಸಿದ ಹಾಗೆ.